ಒಂದು ಒಲೆ, ನಾಲ್ಕು ಡಬ್ಬಿ

ಮೂರು ವರ್ಷ ನಾನು ಊರೂರು ತಿರುಗಿ ಜನರ ಮಲ ಸಂಗ್ರಹಿಸಿದ್ದೇನೆ. ಇದನ್ನು ಎಷ್ಟು ನಾಜೂಕಾಗಿ ಹೇಳಲು ಹೋದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನೇಮಕದ ಪತ್ರದಲ್ಲಿ ‘ಕ್ಷೇತ್ರ ಸಂಶೋಧನಾ ಸಹಾಯಕಿ’ ಎಂದಿತ್ತು. ಹುಣಸೂರಿನ ನಮ್ಮ ಬೀದಿಯಲ್ಲಿ ಅಮ್ಮ ಅದನ್ನು ‘ಮೈಸೂರಿನ ಆಸ್ಪತ್ರೇಲಿ ಕೆಲ್ಸ’ ಎಂದು ಹೇಳಿಕೊಂಡು ಬಂದಿದ್ದಳು. ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ನಾನು ಬರೀ ‘ಡಬ್ಬಿ ಮೇಡಂ’. ಮೂರರಲ್ಲಿ ನಿಜಕ್ಕೆ ಹತ್ತಿರವಾದದ್ದು ಕೊನೆಯದೇ.

“ಬಿಎಸ್ಸಿ ಓದ್ಸಿದ್ದು ಇದ್ಕಾ?” ಎಂದು ಮೊದಲ ದಿನ ಅಮ್ಮ ಕೇಳಿದಳು. ಇದಕ್ಕೇ ಇರಬೇಕು ಎಂದೆ. ಸ್ಕೂಟರಿನ ಹಿಂದೆ ಕಟ್ಟಿಕೊಳ್ಳುತ್ತಿದ್ದ ನನ್ನ ಥರ್ಮಕೋಲ್ ಪೆಟ್ಟಿಗೆ ಒಂದು ದಿನವೂ ನಮ್ಮ ಗೇಟು ದಾಟಿ ಒಳಗೆ ಬರಲಿಲ್ಲ. ಒಳಗೆ ಐಸ್ ಪ್ಯಾಕಿನ ಹೊರತು ಏನೂ ಇಲ್ಲ ಎಂದು ಮುಚ್ಚಳ ತೆಗೆದು ತೋರಿಸಲು ಹೋದರೆ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಒಮ್ಮೆ ಎಚ್.ಡಿ. ಕೋಟೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗಿಗೆ ಏನು ಕೆಲಸ ಎಂದು ಕೇಳಿದರು. ಅಮ್ಮ ಕಣ್ಣಲ್ಲೇ ಬೇಡ ಬೇಡ ಎಂದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಉಪ್ಪಿಟ್ಟನ್ನು ಪೂರ್ತಿ ತಿನ್ನದೆ, ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದು ಎದ್ದರು. ಇನ್ನೂ ಮಾಡಿಲ್ಲ.

ಕೆಲಸ ಮಾತ್ರ ತಮಾಷೆಯದಾಗಿರಲಿಲ್ಲ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕರುಳಿನ ಕಾಯಿಲೆಗಳನ್ನು ನೋಡುವ ಡಾಕ್ಟರೊಬ್ಬರಿದ್ದರು. ಐವತ್ತು ದಾಟಿದ ಹೆಂಗಸು, ಸಣ್ಣ ದನಿ, ಸಿಟ್ಟು ಬಂದರೆ ಆ ದನಿ ಇನ್ನೂ ಸಣ್ಣಗಾಗುತ್ತಿತ್ತು. ನಮ್ಮ ತಾಲ್ಲೂಕುಗಳಿಂದ ದೊಡ್ಡ ಕರುಳಿನ ಕ್ಯಾನ್ಸರ್ ಹೊತ್ತು ಅವರ ಹತ್ತಿರ ಬರುತ್ತಿದ್ದವರು ಬಹುಪಾಲು ಕೈ ಮೀರಿದ ಮೇಲೆ ಬರುತ್ತಿದ್ದರು. ಎಲ್ಲರ ಕಥೆಯೂ ಒಂದೇ. ರಕ್ತ ಬಿತ್ತು, ಮೂಲವ್ಯಾಧಿ ಅಂದುಕೊಂಡೆವು, ಯಾರೋ ಸೊಪ್ಪಿನ ರಸ ಕೊಟ್ಟರು, ಕುಡಿದೆವು. ಆದರೆ ಕರುಳಿನೊಳಗೆ ಗಂಟು ಬೆಳೆಯತೊಡಗಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಬಹಳ ಮೊದಲೇ ಮಲದಲ್ಲಿ ಸೇರುವುದುಂಟು. ಅದನ್ನು ಹಿಡಿಯುವ ಪರೀಕ್ಷೆ ಇದೆ. ನಲವತ್ತು ದಾಟಿದವರಿಗೆ ಏನೂ ತೊಂದರೆ ಇಲ್ಲದಿರುವಾಗಲೇ ಈ ಪರೀಕ್ಷೆ ಮಾಡಿ, ರಕ್ತ ಕಂಡವರನ್ನಷ್ಟೇ ಕರೆಸಿ, ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡಿದರೆ ಎಷ್ಟು ಜನ ಉಳಿದಾರು? ಇದು ಸಂಶೋಧನೆಯ ಮೊದಲ ಪ್ರಶ್ನೆ. ಹಳ್ಳಿಯ ಜನ ಡಬ್ಬಿ ತುಂಬಿಸಿ ಕೊಡುತ್ತಾರೆಯೇ? ಇದು ಎರಡನೆಯದು. ಮೊದಲನೆಯದನ್ನು ಡಾಕ್ಟರು ಇಟ್ಟುಕೊಂಡು ಎರಡನೆಯದನ್ನು ನನಗೆ ಕೊಟ್ಟರು.

ತರಬೇತಿಯ ದಿನ ಅವರು ಒಂದು ಮಾತನ್ನು ಮೂರು ಸಲ ಹೇಳಿದ್ದರು. “ಮನೆಗೆ ಹೋದ ತಕ್ಷಣ ಕೇಳಬೇಕಾದ್ದು, ಈ ಒಲೆಯಲ್ಲಿ ಉಣ್ಣುವವರು ಯಾರ್ಯಾರು ಅಂತ. ಮನೆಯಲ್ಲಿ ಎಷ್ಟು ಜನ ಅಂತಲ್ಲ, ಕಾರ್ಡಿನಲ್ಲಿ ಎಷ್ಟು ಜನ ಅಂತಲ್ಲ. ಉಣ್ಣುವವರು.” ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಎರಡು ವಾರ ಹಾಗೆಯೇ ಕೇಳಿದೆ. ಒಂದೊಂದು ಮನೆಯಲ್ಲೂ ಅರ್ಧ ಗಂಟೆಯ ಪುರಾಣ. ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಅವಳನ್ನು ಸೇರಿಸಬೇಕೋ ಬೇಡವೋ. ಮಗ ಕೊಡಗಿನಲ್ಲಿ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಾನೆ, ಶನಿವಾರ ಬಂದರೆ ಮೂರಾಳಿನಷ್ಟು ಉಣ್ಣುತ್ತಾನೆ, ಅವನನ್ನು ಎಷ್ಟು ಎಂದು ಬರೆಯುತ್ತೀರಿ. ಮೂರನೆಯ ವಾರದಿಂದ ನಾನು “ರೇಷನ್ ಕಾರ್ಡ್ ತನ್ನಿ” ಎನ್ನತೊಡಗಿದೆ. ಹೆಸರು, ವಯಸ್ಸು ಎಲ್ಲ ಅದರಲ್ಲೇ ಅಚ್ಚಾಗಿರುತ್ತದೆ. ಎರಡು ನಿಮಿಷದ ಕೆಲಸ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಡಬ್ಬಿ ತುಂಬಿಸಿಕೊಳ್ಳುವುದಕ್ಕೆ ಮಾತ್ರ ಇಂಥ ಸುಲಭದ ದಾರಿ ಸಿಗಲಿಲ್ಲ. ಕೆ.ಆರ್. ನಗರದ ಹತ್ತಿರ ಭತ್ತದ ಗದ್ದೆಯ ಯಜಮಾನರೊಬ್ಬರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, “ಇಷ್ಟು ಚಿಕ್ದ್ರಲ್ಲಿ ಎಂಗವ್ವ?” ಎಂದು ನನ್ನನ್ನೇ ಕೇಳಿದರು. ಇನ್ನೊಬ್ಬರು ಮಣ್ಣು ಪರೀಕ್ಷೆಗೆಂದು ಹೊಲದ ಮಣ್ಣು ತುಂಬಿಸಿಟ್ಟಿದ್ದರು. ಹೆಂಗಸರು ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋಗಿ, ಮಾರನೆಯ ದಿನ ಅದು ಕಳೆದುಹೋಯಿತು ಎನ್ನುತ್ತಿದ್ದರು. ಒಂದೇ ಮನೆಗೆ ನಾಲ್ಕು ಸಲ ಹೋಗಿ ಖಾಲಿ ಡಬ್ಬಿ ತಂದದ್ದಿದೆ. ಹಾಗಾಗಿ ರಾವಂದೂರಿನ ಹತ್ತಿರದ ಆ ಮನೆಯಲ್ಲಿ ಒಂದೇ ದಿನಕ್ಕೆ ನಾಲ್ಕೂ ಡಬ್ಬಿ ತುಂಬಿ ಸಿಕ್ಕಿದಾಗ ನನಗಾದ ಸಂತೋಷವನ್ನು ಯಾರೂ ತಪ್ಪಾಗಿ ತಿಳಿಯಬಾರದು.

ಅದು ಮೂವರು ಅಣ್ಣತಮ್ಮಂದಿರ ಮನೆ. ಮೂರು ಸಂಸಾರ, ಒಂದೇ ಒಲೆ. ಹೊಗೆಸೊಪ್ಪು ಬೇಯಿಸುವ ಎರಡು ಬ್ಯಾರನ್ನು, ಸ್ವಲ್ಪ ರಾಗಿ ಹೊಲ, ಆರು ಹಸು. ಕಾರ್ಡಿನಲ್ಲಿ ಎಂಟು ಹೆಸರುಗಳಿದ್ದವು; ಮೂವರು ಗಂಡಸರು, ಮೂವರು ಹೆಂಡತಿಯರು, ಇಬ್ಬರು ಮಕ್ಕಳು. ನಲವತ್ತು ದಾಟಿದವರು ನಾಲ್ಕು ಜನ, ಮೂವರು ಗಂಡಸರು ಮತ್ತು ದೊಡ್ಡವರ ಹೆಂಡತಿ. ನಾಲ್ವರೂ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು. ನಾಲ್ಕು ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ, ಒಳಗಿನ ಕಡ್ಡಿಯಲ್ಲಿ ಎಷ್ಟು ತೆಗೆಯಬೇಕು ಎಂದೆಲ್ಲ ಜಗಲಿಯ ಮೇಲೆ ಕೂತು ವಿವರಿಸಿದೆ. ದೊಡ್ಡವರು ಆಕಾಶ ನೋಡುತ್ತಿದ್ದರು. ಎರಡನೆಯವರು ಎದ್ದು ಹೋದರು. ಕೇಳಿಸಿಕೊಂಡವಳು ನನಗೆ ಚಹಾ ತಂದುಕೊಟ್ಟು ಬಾಗಿಲ ಬಳಿ ನಿಂತಿದ್ದ ಹೆಂಗಸು ಒಬ್ಬಳೇ. ಅವಳು ಆ ಮನೆಯ ಹೆಣ್ಣುಮಗಳು, ಎರಡನೆಯವರಿಗಿಂತ ಕಿರಿಯಳು, ಮೂರನೆಯವರಿಗಿಂತ ಹಿರಿಯಳು. ಕೆ.ಆರ್. ನಗರದ ಕಡೆಗೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದವಳು ತವರಿಗೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ನನಗೆ ಗೊತ್ತಿದ್ದದ್ದು ಅವಳ ಚಹಾ ಚೆನ್ನಾಗಿತ್ತು ಎಂಬುದಷ್ಟೆ. ಡಬ್ಬಿಗಳನ್ನು ಅವಳ ಕೈಗೇ ಕೊಟ್ಟು ಬಂದೆ.

ಮಾರನೆಯ ಬೆಳಿಗ್ಗೆ ನಾಲ್ಕೂ ಡಬ್ಬಿಗಳನ್ನು ತೊಳೆದು ಒರೆಸಿ, ಹೆಸರು ಕಾಣುವಂತೆ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಫಾರಂ ತೆಗೆದು, ‘ಮಾದರಿಯನ್ನು ಆಯಾ ವ್ಯಕ್ತಿಯೇ ನೀಡಿದ್ದಾರೆ’ ಎಂಬಲ್ಲಿ ನಾಲ್ಕು ಸಲ ಹೌದು ಎಂದು ಗುರುತು ಹಾಕಿದೆ. ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನ ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ಆಸ್ಪತ್ರೆಯ ವ್ಯಾನಿಗೆ ಪೆಟ್ಟಿಗೆ ಕೊಟ್ಟು ಮನೆಗೆ ಹೋಗಿ ನಿದ್ದೆ ಮಾಡಿದೆ.

ನಾಲ್ಕು ದಿನದ ಮೇಲೆ ಡಾಕ್ಟರು ಫೋನ್ ಮಾಡಿದರು. ಆ ಮನೆಯ ನಾಲ್ಕು ಡಬ್ಬಿಯಲ್ಲೂ ರಕ್ತ ಇತ್ತು.

ಒಂದು ಮನೆಯಲ್ಲಿ ಒಬ್ಬರಿಗೆ ಬರುವುದೇ ಅಪರೂಪ. ನಾಲ್ವರಿಗೂ ಬಂದರೆ ಡಾಕ್ಟರಿಗೆ ನಿದ್ದೆ ಹೇಗೆ ಬರಬೇಕು. ಅಣ್ಣತಮ್ಮಂದಿರಿಗೆ ವಂಶದಿಂದ ಬಂದಿರಬಹುದು ಎಂದರೆ ದೊಡ್ಡವರ ಹೆಂಡತಿ ಬೇರೆ ಮನೆಯಿಂದ ಬಂದವಳು. ಬಾವಿಯ ನೀರೇ, ಬ್ಯಾರನ್ನಿನ ಹೊಗೆಯೇ, ಊಟವೇ? ಡಾಕ್ಟರು ಖುದ್ದಾಗಿ ಜೀಪಿನಲ್ಲಿ ಬಂದರು. ಬಾವಿಗೆ ಬಗ್ಗಿ ನೋಡಿದರು. ಬ್ಯಾರನ್ನಿನೊಳಗೆ ಹೋಗಿ ಕೆಮ್ಮಿಕೊಂಡು ಹೊರಗೆ ಬಂದರು. ಏನೇನು ಉಣ್ಣುತ್ತೀರಿ ಎಂದು ಬರೆದುಕೊಂಡರು. ಆಮೇಲೆ ನಾಲ್ವರನ್ನೂ ಕೂರಿಸಿಕೊಂಡು, ರಕ್ತ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ, ಮೂಲವ್ಯಾಧಿ ಇದ್ದರೂ ಹೀಗೆ ಬರಬಹುದು, ಆದರೆ ಕೊಳವೆ ಹಾಕಿ ನೋಡಲೇಬೇಕು ಎಂದು ಬಿಡಿಸಿ ಹೇಳಿದರು. ಅವರು ಹೇಳಿದ್ದರಲ್ಲಿ ಮನೆಯವರ ಕಿವಿಗೆ ಬಿದ್ದದ್ದು ಒಂದೇ ಪದ.

ದೊಡ್ಡವರು ಅವತ್ತೇ ಚಾಪೆ ಹಾಸಿಕೊಂಡು ಮಲಗಿದರು. ಮಲಗಿದಲ್ಲಿಗೇ ಮುದ್ದೆ ಹೋಗುತ್ತಿತ್ತು, ಹೊತ್ತಿಗೆ ಎರಡರ ಲೆಕ್ಕದಲ್ಲಿ. ನೆಂಟರು ಬಂದು ಕೈ ಹಿಡಿದು ಕೂತು ಹೋದರು. ಎರಡನೆಯವರು ಬೀಡಿ ಬಿಟ್ಟರು. ಮೂರನೆಯವರು ವರ್ಷದಿಂದ ಪಾಲು ಕೇಳಿ ಜಗಳವಾಡುತ್ತಿದ್ದವರು, “ಎಲ್ಲಾ ಒಂದೇ ಸಲ ಓಗಾದಾದ್ರೆ ಪಾಲು ಯಾರ್ಗೆ ಬುಡಣ್ಣ” ಎಂದು ಹೇಳಿ ಅಣ್ಣನ ಕಾಲು ಒತ್ತಿದರಂತೆ. ದೊಡ್ಡವರ ಹೆಂಡತಿ ತವರಿಗೆ ಹೋಗಿ ಎಲ್ಲರನ್ನೂ ನೋಡಿಕೊಂಡು, ಅತ್ತು ಬಂದಳು. ಮನೆಯಲ್ಲಿ ಎಂದಿನಂತೆ ಓಡಾಡುತ್ತಿದ್ದವಳು ಆ ತಂಗಿ ಒಬ್ಬಳೇ. ಆರು ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದು, ಸಾಯುವವರಿಗೆಲ್ಲ ಅಡುಗೆ ಮಾಡುತ್ತಿದ್ದಳು.

ಕೊಳವೆ ಹಾಕುವ ಮೊದಲು ಕರುಳು ಪೂರ್ತಿ ಖಾಲಿಯಾಗಬೇಕು. ಅದಕ್ಕೊಂದು ಪುಡಿ ಇದೆ. ನೀರಿಗೆ ಕಲಸಿ ಲೀಟರುಗಟ್ಟಲೆ ಕುಡಿಯಬೇಕು, ಆಮೇಲೆ ಅದು ತನ್ನ ಕೆಲಸ ತಾನೇ ಮಾಡುತ್ತದೆ. ಹಿಂದಿನ ದಿನವೇ ಆಸ್ಪತ್ರೆಗೆ ಸೇರಿ ಎಂದರೆ ದೊಡ್ಡವರು ಒಪ್ಪಲಿಲ್ಲ. “ಆಸ್ಪತ್ರೆ ಕಕ್ಕಸ್ ಮುಂದೆ ಸಾಲ್ನಲ್ಲಿ ನಿಲ್ಲಾಕೆ ನನ್ ಕೈಲಾಗಲ್ಲ ಕಣ್ರೀ. ಏನಿದ್ರೂ ನಮ್ಮನೇಲೇ ಆಗ್ಲಿ.” ಆ ಮನೆಯಲ್ಲಿ ಒಂದು ಕಕ್ಕಸು ಇತ್ತು. ಸರ್ಕಾರದ ಯೋಜನೆಯಲ್ಲಿ ಕಟ್ಟಿಸಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ ದಿನದಿಂದ ಅದರೊಳಗೆ ಬ್ಯಾರನ್ನಿನ ಸೌದೆ ತುಂಬಿತ್ತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ನಾನು ಪುಡಿ ತೆಗೆದುಕೊಂಡು ಹೋದಾಗ ತಂಗಿ ಆ ಸೌದೆಯನ್ನೆಲ್ಲ ಹೊತ್ತು ಹೊರಗೆ ಹಾಕುತ್ತಿದ್ದಳು. ನಾಲ್ಕು ಹೊರೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮುಖ ಸುಣ್ಣ ಬಳಿದ ಹಾಗಿತ್ತು. ಸುಸ್ತಾಯಿತೇ ಎಂದು ಕೇಳಿದೆ. “ಬಿಸ್ಲು ಕಣವ್ವ” ಎಂದಳು. ನಾನೂ ಬಿಸಿಲೇ ಇರಬೇಕು ಎಂದುಕೊಂಡು ನೆರಳಿಗೆ ಹೋಗಿ ಕೂತೆ.

ಎರಡು ಗಂಟೆಗೆ ನಾಲ್ವರೂ ಚೊಂಬು ಹಿಡಿದು ಸಾಲಾಗಿ ಕೂತು ಕುಡಿದರು. “ಒಳ್ಳೆ ಕಡ್ಲೇಪುರಿಗೆ ಕಾದಂಗೆ ಕೂತವ್ರೆ ನೋಡಿ” ಎಂದು ಬೇಲಿಯಾಚೆಯ ಮುದುಕಿ ಹೇಳಿದಳು. ಮೂರೂ ಕಾಲಿಗೆ ಎರಡನೆಯವರು ಮೊದಲು ಎದ್ದರು. ಅವರು ಇನ್ನೂ ಒಳಗಿರುವಾಗಲೇ ದೊಡ್ಡವರು ಬಾಗಿಲು ಬಡಿಯತೊಡಗಿದರು. ಮೂರನೆಯವರು ಯಾರ ದಾರಿಯನ್ನೂ ಕಾಯದೆ ಹೊಗೆಸೊಪ್ಪಿನ ಹೊಲದ ಕಡೆ ಓಡಿದರು. ಇಷ್ಟು ವರ್ಷ ಖಾಲಿ ಬಿದ್ದಿದ್ದ ಕಕ್ಕಸಿನ ಬಾಗಿಲಲ್ಲಿ ಮನೆಯ ಯಜಮಾನರೇ ಕೈ ಜೋಡಿಸಿ, “ಬ್ಯಾಗ ಬಾರ್ಲಾ, ನಿನ್ ದಮ್ಮಯ್ಯ” ಎಂದು ತಮ್ಮನಿಗೆ ಹೇಳುವುದನ್ನು ನಾನು ಕಣ್ಣಾರೆ ಕಂಡೆ. ನನ್ನ ಫಾರಂನಲ್ಲಿ ‘ಪೂರ್ವಸಿದ್ಧತೆ ತೃಪ್ತಿಕರ’ ಎಂದು ಬರೆದೆ. ಸಂಜೆಯವರೆಗೂ ನೀರು ತುಂಬಿ ತುಂಬಿ ಇಟ್ಟವಳು ತಂಗಿಯೇ.

ಮಾರನೆಯ ದಿನ ಮೈಸೂರಿನಲ್ಲಿ ನಾಲ್ವರಿಗೂ ಕೊಳವೆ ಪರೀಕ್ಷೆಯಾಯಿತು. ನಾಲ್ವರ ಕರುಳೂ ಶುದ್ಧವಾಗಿತ್ತು. ಒಂದು ಹುಣ್ಣಿಲ್ಲ, ಗಂಟಿಲ್ಲ, ಮೂಲವ್ಯಾಧಿಯೂ ಇಲ್ಲ. ದೊಡ್ಡವರು ಅಲ್ಲಿಯೇ ಹೋಟೆಲಿನಲ್ಲಿ ಮೂರು ಮಸಾಲೆ ದೋಸೆ ತಿಂದರು. ಊರಿಗೆ ಹೋಗುವಾಗ ನಾಟಿ ಕೋಳಿ ಹಿಡಿಸಲು ಫೋನಿನಲ್ಲಿ ಹೇಳಿದರು.

ಡಾಕ್ಟರು ಮಾತ್ರ ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಿಕೋ ಎಂದರು. ರಕ್ತ ಎಂದು ತೋರಿಸಿ, ಕರುಳಿನಲ್ಲಿ ಏನೂ ಇಲ್ಲ ಎಂದಾದರೆ ಪರೀಕ್ಷೆಯ ಕಿಟ್‌ಗಳೇ ಕೆಟ್ಟಿರಬೇಕು. ಕಿಟ್ ಕೆಟ್ಟಿದ್ದರೆ ಇಷ್ಟು ದಿನ ರಕ್ತ ಇಲ್ಲ ಎಂದು ಮನೆಗೆ ಕಳಿಸಿದವರ ಗತಿ ಏನು? ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ. ಇಲ್ಲವೇ ಡಬ್ಬಿಯಲ್ಲಿ ಇದ್ದದ್ದು ಅವರದ್ದಲ್ಲ. ಹಾಗಿದ್ದರೆ ಅದು ಯಾರದ್ದೋ, ಆ ಮನುಷ್ಯ ಎಲ್ಲಿ ಕೂತು ರಕ್ತ ಕಳೆದುಕೊಳ್ಳುತ್ತಿದ್ದಾನೋ.

“ನೀನೇ ಒಬ್ಬೊಬ್ಬರ ಕೈಯಿಂದ ತಗೊಂಡೆಯಾ?” ಎಂದು ಕೇಳಿದರು. ದನಿ ತೀರಾ ಸಣ್ಣದಾಗಿತ್ತು.

ಹೌದು ಎಂದೆ. ಫಾರಂನಲ್ಲಿಯೂ ಹಾಗೇ ಇತ್ತಲ್ಲ. ಅಷ್ಟು ಹಸಿ ಸುಳ್ಳನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಅದೂ ನನಗೆ ಕೆಲಸ ಕೊಟ್ಟ, ನನ್ನ ಅಮ್ಮನ ಹಾಗೆ ಮೂಗು ಮುಚ್ಚಿಕೊಳ್ಳದ ಒಬ್ಬರಿಗೆ.

ಮೂರನೆಯ ದಿನ ಸಂಜೆ ಆ ಊರಿಗೆ ಹೋದೆ. ಮನೆಗೆ ಹೋಗುವ ದಾರಿಯಲ್ಲೇ ಡೇರಿ. ತಂಗಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಡೇರಿಯ ಸೆಕ್ರೆಟರಿ ಕ್ಯಾನಿನ ಹಾಲನ್ನು ಅಳೆದು, ಒಂದು ಸಣ್ಣ ಲೋಟದಲ್ಲಿ ಸ್ವಲ್ಪ ತೆಗೆದು ಯಂತ್ರದ ಕೆಳಗೆ ಇಟ್ಟ. ಫ್ಯಾಟ್ ಎಷ್ಟು ಎಂದು ಚೀಟಿ ಬಂತು. ಆರು ಹಸುವಿನ ಹಾಲು ಒಂದೇ ಕ್ಯಾನಿನಲ್ಲಿ. ಮೂರು ಸಂಸಾರದ ಹಸುಗಳಿಗೆ ಒಂದೇ ಲೋಟ, ಒಂದೇ ಚೀಟಿ. ನೋಡುತ್ತಾ ನಿಂತಿದ್ದವಳಿಗೆ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದ ನಾಲ್ಕು ಡಬ್ಬಿ ನೆನಪಾದವು.

ಅವಳು ಹೊರಗೆ ಬಂದ ಮೇಲೆ ಹುಣಸೆ ಮರದ ಕೆಳಗೆ ನಿಲ್ಲಿಸಿ ಕೇಳಿದೆ. “ಅಕ್ಕ, ಅವತ್ತು ಡಬ್ಬಿ ತುಂಬಿಸಿದ್ದು ಯಾರು?”

“ನಾನೇ ಕಣವ್ವ. ಇನ್ಯಾರು ತುಂಬುಸ್ತಾರೆ?” ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ದೊಡ್ಡಣ್ಣ, ಅದೆಲ್ಲಾ ನನ್ ಕೈಲಾಗಲ್ಲ, ನೀನೇ ಏನಾರ ಮಾಡ್ಕೊಡಮ್ಮಿ ಅಂದ್ಬುಡ್ತು. ಮಿಕ್ಕೋರು ಡಬ್ಬಿ ಮುಟ್ನೇ ಇಲ್ಲ.”

“ಯಾರದ್ದು ತುಂಬಿಸಿದ್ರಿ?”

“ನಂದೇಯ.”

“ನಾಲ್ಕಕ್ಕೂ?”

“ಊಂ ಮತ್ತೆ. ಒಂದೇ ಮನೆ, ಒಂದೇ ಒಲೆ, ಎಲ್ಲಾ ಉಣ್ಣಾದು ಅದೇ ಮುದ್ದೆ. ಡೇರೀಲೂ ಅಂಗೇ ಅಲ್ವಾ, ಮನ್ಗೊಂದು ಸ್ಯಾಂಪಲ್ಲು.” ನನ್ನ ಮುಖ ನೋಡಿ, “ಯಾಕವ್ವ, ತಪ್ಪಾಯ್ತಾ? ಡಬ್ಬಿನೆಲ್ಲಾ ಚೆಂದಾಗಿ ತೊಳ್ದಿಟ್ಟಿದ್ನಲ್ಲ” ಎಂದಳು.

ನಿಮಗೆ ರಕ್ತ ಹೋಗುತ್ತದೆಯೇ ಎಂದು ಕೇಳಿದೆ. ಮೂಲವ್ಯಾಧಿ, ಎರಡು ವರ್ಷವಾಯಿತು ಎಂದಳು. ಸೊಪ್ಪಿನ ರಸ ಕುಡಿಯುತ್ತಿದ್ದಳು. ಅಣ್ಣಂದಿರು ಸಾಯುತ್ತೇವೆ ಎಂದು ಮಲಗಿದ್ದಾಗ ಯಾಕೆ ಬಾಯಿ ಬಿಡಲಿಲ್ಲ ಎಂದರೆ, “ನಂಗದೆ ಅಂದ್ರೆ ಅವರ್ಗೂ ಇರ್ಬೇಕು ಅಂದ್ಕಂಡೆ. ಒಂದೇ ಒಲೆ ತಾನೆ. ಆಮೇಕೆ ಅವ್ರಿಗೇನೂ ಇಲ್ಲ ಅಂದ್ರಲ್ಲ, ಸದ್ಯ ನಂಗೂ ಇಲ್ಲ ಅಂದ್ಕಂಡು ಸುಮ್ಕಾದೆ” ಎಂದಳು. ಅಣ್ಣಂದಿರ ಕರುಳು ನೋಡಿ ತನಗೆ ಸಮಾಧಾನ ಮಾಡಿಕೊಂಡಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ವಯಸ್ಸೆಷ್ಟು ಎಂದು ಕೇಳಿದೆ. ನಲವತ್ಮೂರು ಎಂದಳು. ನನ್ನ ಪಟ್ಟಿಯಲ್ಲಿ ಅವಳಿಗೊಂದು ಡಬ್ಬಿ ಇರಬೇಕಿತ್ತು. ಅವಳ ಹೆಸರು ಇನ್ನೂ ಕೆ.ಆರ್. ನಗರದ ಅತ್ತೆಯ ಕಾರ್ಡಿನಲ್ಲೇ ಇತ್ತು. ಅವಳು ಕೊಟ್ಟ ಚಹಾ ಕುಡಿಯುತ್ತಾ, ಅವಳ ಎದುರೇ ಕೂತು, ನಾನು ಕಾರ್ಡು ನೋಡಿ ಎಂಟು ಹೆಸರು ಬರೆದುಕೊಂಡಿದ್ದೆ.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಡಬ್ಬಿಯ ವಿಷಯ, ಕಾರ್ಡಿನ ವಿಷಯ, ಅವತ್ತು ಬಾಗಿಲು ಹಾಕಿಕೊಂಡು ಹೇಳಿದ ಸುಳ್ಳು, ಎಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

“ನಾಡಿದ್ದು ಬೆಳಿಗ್ಗೆ ಕರಕೊಂಡು ಬಾ. ನಿನ್ನ ವಿಚಾರ ಆಮೇಲೆ” ಎಂದರು.

ಮನೆಯಲ್ಲಿ ದೊಡ್ಡವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಚಾಪೆ ಮಡಚಿ ಅಟ್ಟಕ್ಕೆ ಹಾಕಿಯಾಗಿತ್ತು. ಹೇಳಿದೆ. ಅವರಿಗೆ ತಲೆಗೇ ಹತ್ತಲಿಲ್ಲ. “ಅವ್ಳಿಗೇನಾಗದೆ ಮೇಡಂ? ಬೆಳಿಗ್ಗಿಂದ ಆರು ಹಸ ಕರ್ದವ್ಳೆ. ಕಾಯ್ಲೆ ಇರೋರು ಕರೀತಾರಾ?” ಎಂದರು. ನಾನು ಆಸ್ಪತ್ರೆಗೆ ಹೋಗಲೇಬೇಕು ಎಂದಾಗ, “ಎಲ್ಡೊತ್ತೂ ಹಾಲು ಕರ್ದು ಡೇರಿಗೆ ಹಾಕೋರ್ಯಾರು?” ಎಂದು ಕೇಳಿದರು. ಕೆಟ್ಟ ಮನುಷ್ಯರಲ್ಲ. ಅವರಿಗೆ ನಿಜಕ್ಕೂ ಅದೇ ಪ್ರಶ್ನೆ ಬಂದಿತ್ತು. ನನ್ನ ಪಿತ್ತ ನೆತ್ತಿಗೇರಿತು.

“ನಿಮಗೆ ಕಾಯಿಲೆ ಇಲ್ಲದೆ ಹತ್ತು ದಿನ ಮಲಗಿ ಮುದ್ದೆ ತಿಂದ್ರಿ. ಅವರು ಕಾಯಿಲೆ ಇಟ್ಕೊಂಡು ನಿಮಗೆ ಮುದ್ದೆ ಮಾಡಿ ಹಾಕಿದ್ರು. ನೀವು ಡಬ್ಬಿ ಮುಟ್ಟಲ್ಲ ಅಂದಿದ್ದಕ್ಕೆ ಇಷ್ಟಾದ್ರೂ ಗೊತ್ತಾಯ್ತು. ಹಾಲು ನಾನೇ ಬಂದು ಕರೀತೀನಿ, ನೀವು ಅವರನ್ನ ಬಸ್ಸು ಹತ್ತಿಸಿ” ಎಂದೆ.

ನನಗೆ ಹಾಲು ಕರೆಯಲು ಬರುವುದಿಲ್ಲ. ಅದೃಷ್ಟಕ್ಕೆ ಅವರು ನನ್ನ ಮಾತನ್ನು ಪರೀಕ್ಷಿಸಲಿಲ್ಲ. ಮೂರನೆಯವರು ಒಳಗಿನಿಂದ ಬಂದು, “ನಾನು ಕರೀತೀನಿ ಬುಡಣ್ಣ, ನೀನು ಅಕ್ಕನ್ ಜೊತೆ ಓಗು” ಎಂದರು.

ಪುಡಿಯ ನೀರನ್ನು ಅವಳು ಆಸ್ಪತ್ರೆಯಲ್ಲೇ ಕುಡಿದಳು. ಒಂದು ಸಲವೂ ಮುಖ ಕಿವುಚಲಿಲ್ಲ, ಯಾರಿಗೂ ಬೇಗ ಬಾ ಎನ್ನಲಿಲ್ಲ. ಪರೀಕ್ಷೆ ಮುಗಿಸಿ ಹೊರಗೆ ಬಂದ ಡಾಕ್ಟರು, ಎಡಗಡೆಯ ಕರುಳಿನಲ್ಲಿ ಒಂದು ಗಂಟು ಇದೆ, ನೋಡಿದರೆ ಕ್ಯಾನ್ಸರಿನ ಹಾಗೇ ಇದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ದೊಡ್ಡವರು ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಆಗ ಅರ್ಥವಾಯಿತು.

“ನನ್ ಡಬ್ಬೀಲಿದ್ದಿದ್ದು ಅವ್ಳ ರಕ್ತ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಂದು ಅಂದ್ಕಂಡು ಅತ್ನಲ್ಲ ಮೇಡಂ ನಾನು” ಎಂದು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆಗ ಅವರ ಮೇಲಿದ್ದ ಸಿಟ್ಟು ನನಗೆ ಅರ್ಧ ಇಳಿಯಿತು. ಇನ್ನರ್ಧವನ್ನು ಇಟ್ಟುಕೊಂಡೆ.

ಚೂರಿನ ಪರೀಕ್ಷೆ ಕ್ಯಾನ್ಸರ್ ಎಂದೇ ಹೇಳಿತು. ಆಪರೇಷನ್ ಆಯಿತು. ಕರುಳಿನ ಒಂದು ಗೇಣಿನಷ್ಟು ಭಾಗ ತೆಗೆದು ಎರಡು ತುದಿ ಜೋಡಿಸಿದರು. ಕ್ಯಾನ್ಸರ್ ಕರುಳು ದಾಟಿ ಹೊರಗೆ ಹರಡಿರಲಿಲ್ಲ. ಆ ವರದಿ ಬಂದ ದಿನ ಡಾಕ್ಟರು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತು ಅತ್ತೆ. ಅವಳು ವಾರ್ಡಿನಲ್ಲಿ ಗಂಜಿ ಕುಡಿಯುತ್ತಾ, ತಮ್ಮ ಕರೆದ ಹಾಲಿಗೆ ಫ್ಯಾಟ್ ಎಷ್ಟು ಬರುತ್ತಿದೆ ಎಂದು ಅಣ್ಣನನ್ನು ವಿಚಾರಿಸುತ್ತಿದ್ದಳು.

ನನ್ನ ವಿಚಾರ ಆಮೇಲೆ ಎಂದಿದ್ದರಲ್ಲ, ಅದು ಬಂತು. ಒಂದು ಮೆಮೊ ಕೊಟ್ಟರು. ಆ ಮನೆಯ ನಾಲ್ಕು ಮಾದರಿಗಳನ್ನೂ ಸಂಶೋಧನೆಯಿಂದ ರದ್ದು ಮಾಡಿದರು. ತಂಗಿ ಪಟ್ಟಿಯಲ್ಲೇ ಇರಲಿಲ್ಲವಾದ್ದರಿಂದ ಅವಳನ್ನು ಸೇರಿಸುವ ಹಾಗಿರಲಿಲ್ಲ. ಅಂದರೆ ಈ ಪರೀಕ್ಷೆಯಿಂದ ಜೀವ ಉಳಿಯಿತು ಎಂದು ನಾನು ಕಣ್ಣಾರೆ ಕಂಡ ಹೆಂಗಸು, ಈ ಪರೀಕ್ಷೆಯಿಂದ ಜೀವ ಉಳಿಯುತ್ತದೆಯೇ ಎಂದು ಕೇಳುವ ಸಂಶೋಧನೆಯಲ್ಲಿ ಇಲ್ಲ. ಇದೇನು ನ್ಯಾಯ ಎಂದು ಡಾಕ್ಟರನ್ನು ಕೇಳಿದೆ. “ನ್ಯಾಯ ಅಲ್ಲ, ನಿಯಮ” ಎಂದರು. ಕೆಲಸದಿಂದ ತೆಗೆಯಲಿಲ್ಲ. ಕಾರ್ಡು ನೋಡಿ ಬರೆದ ಮನೆಗಳಿಗೆಲ್ಲ ಇನ್ನೊಮ್ಮೆ ಹೋಗಿ, ಸರಿಯಾದ ಪ್ರಶ್ನೆ ಕೇಳಿ ಬಾ ಎಂದರು. ತೆಗೆದುಹಾಕಿದ್ದರೆ ಸುಲಭವಾಗಿತ್ತು.

ಹೋದೆ. ತಿಂಗಳುಗಟ್ಟಲೆ ತಿರುಗಿದೆ. ಕಾರ್ಡಿನಲ್ಲಿ ಇಲ್ಲದೆ ಒಲೆಯ ಹತ್ತಿರ ಇದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಗಂಡ ಬಿಟ್ಟ ಹೆಣ್ಣುಮಗಳು, ಮದುವೆಯಾಗದ ಚಿಕ್ಕಪ್ಪ, ಯಾವುದೋ ಕಾಲದಲ್ಲಿ ಕೆಲಸಕ್ಕೆ ಬಂದು ಅಲ್ಲೇ ಉಳಿದ ಮುದುಕ. ಇವರಲ್ಲಿ ಡಬ್ಬಿ ತೆಗೆದುಕೊಳ್ಳಲು ಯಾರೂ ನಾಚಲಿಲ್ಲ. ಹೆಸರು ಬರೆಯುವಾಗ ಮಾತ್ರ, ನಂದೂ ಬರೀತೀರಾ ಎಂದು ಇನ್ನೊಮ್ಮೆ ಕೇಳುತ್ತಿದ್ದರು.

ರಾವಂದೂರಿನ ಆ ಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ನಾನು ಹೋದಾಗ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಕಕ್ಕಸಿಗೆ ಸೌದೆ ವಾಪಸು ಬಂದಿರಲಿಲ್ಲ. ದೊಡ್ಡವರು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಒಳಗೆ ಚಹಾ ಕುದಿಯುವ ವಾಸನೆ. ನಾನು ಹೊಸ ಫಾರಂ ತೆಗೆದೆ.

“ಕಾರ್ಡ್ ತರ್ಲಾ ಮೇಡಂ?” ಎಂದರು.

“ಬೇಡ. ಈ ಒಲೆಯಲ್ಲಿ ಉಣ್ಣುವವರು ಯಾರ್ಯಾರು, ನೀವೇ ಹೇಳಿ.”

ಅವರು ಬೆರಳು ಮಡಚತೊಡಗಿದರು. ನಾನು, ನಮ್ಮನೆಯವಳು. ನನ್ ತಮ್ಮ, ಅವನ್ ಹೆಂಡ್ತಿ. ಚಿಕ್ಕವ್ನು, ಅವನ್ ಹೆಂಡ್ತಿ. ಎರಡು ಮಕ್ಳು. “ಎಂಟು” ಎಂದು ಕೈ ತೋರಿಸಿದರು. ಯಾವ ಕಪಟವೂ ಇಲ್ಲದ ಮುಖ. ಎಂಟು ತಿಂಗಳಿನಿಂದ ತಂಗಿಯನ್ನು ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗಿ ಬಂದವರು. ಕಾಯಿಲೆ ಮತ್ತೆ ಬರದಿರಲೆಂದು ಇಂಜೆಕ್ಷನ್ ಹಾಕಿಸಿದ ದಿನಗಳಲ್ಲಿ ಪಕ್ಕದಲ್ಲೇ ಕೂತಿದ್ದವರು. ಆದರೂ ಲೆಕ್ಕಕ್ಕೆ ಕೂತರೆ ಎಂಟು.

ನಾನು ಬರೆಯಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕೂತೆ. ಅವರಿಗೆ ಯಾಕೆಂದು ತಿಳಿಯಲಿಲ್ಲ. ಮಡಚಿದ ಬೆರಳುಗಳನ್ನು ನೋಡಿದರು, ನನ್ನನ್ನು ನೋಡಿದರು.

ತಂಗಿ ಚಹಾ ಹಿಡಿದು ಬಾಗಿಲಿಗೆ ಬಂದಳು. ಮೊದಲಿಗಿಂತ ತೆಳ್ಳಗಾಗಿದ್ದಳು, ಮುಖದಲ್ಲಿ ಬಣ್ಣ ಬಂದಿತ್ತು. ಲೋಟವನ್ನು ನನ್ನ ಪಕ್ಕದಲ್ಲಿ ಇಟ್ಟಳು.

“ನಾನೂ ಇಲ್ಲೇ ಉಣ್ಣಾದು ಕಣಣ್ಣ” ಎಂದಳು.

ಅವರು ಮಡಚಿದ ಬೆರಳುಗಳನ್ನೆಲ್ಲ ಬಿಚ್ಚಿದರು. ಆಮೇಲೆ ಮೊದಲಿನಿಂದ ಎಣಿಸಲು ಶುರು ಮಾಡಿದರು, ಈ ಸಲ ಅವಳಿಂದ.